ಬಚ್ಚಿಟ್ಟವನಿಗೇ ಸಿಗದ ಡಬ್ಬಿ

ನಿವೃತ್ತಿಯಾದ ಮೇಲೆ ಮನುಷ್ಯ ಕೆಡಲು ಹಲವು ದಾರಿಗಳಿವೆ. ಕೆಲವರು ಇಸ್ಪೀಟು ಕಲಿಯುತ್ತಾರೆ, ಕೆಲವರು ಸಂಘಗಳಿಗೆ ಅಧ್ಯಕ್ಷರಾಗುತ್ತಾರೆ. ನಾನು ಕಲ್ಲಿನ ಸಂದಿಗಳಿಗೆ ಕೈ ಹಾಕುವುದನ್ನು ಕಲಿತೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥ ವಿದ್ಯೆಯಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ?

ಈ ಚಟದ ಹೆಸರು ಜಿಯೋಕ್ಯಾಷಿಂಗ್. ಯಾರೋ ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮೊಬೈಲಿನ ಆ್ಯಪ್‌ನಲ್ಲಿ ಹಾಕುತ್ತಾರೆ. ಇನ್ಯಾರೋ ಅದನ್ನು ನೋಡಿಕೊಂಡು ಹುಡುಕಿ ಹೋಗುತ್ತಾರೆ. ಸಿಕ್ಕರೆ ಒಳಗಿರುವ ಪುಟ್ಟ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಅಷ್ಟೇ. ಬಹುಮಾನವಿಲ್ಲ, ಚಪ್ಪಾಳೆಯಿಲ್ಲ. ಹನೂರಿನ ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವನು ನಾನು. ಅಕ್ಷಾಂಶ ರೇಖಾಂಶಗಳನ್ನು ಎಷ್ಟು ಸಾವಿರ ಸಲ ಬೋರ್ಡಿನ ಮೇಲೆ ಎಳೆದಿದ್ದೇನೋ, ಆದರೆ ಅವುಗಳನ್ನು ಹಿಡಿದುಕೊಂಡು ಒಂದು ಗುಂಡುಸೂಜಿಯನ್ನೂ ಹುಡುಕಿದವನಲ್ಲ. ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಾಗ ಈ ಆಟ ತೋರಿಸಿ, ನೀವು ಕಲಿಸಿದ್ದು ಇದಕ್ಕಾದರೂ ಬಂತು ಸಾರ್ ಎಂದಳು. ಹೊಗಳಿದಳೋ ಹಂಗಿಸಿದಳೋ ಇನ್ನೂ ಗೊತ್ತಾಗಿಲ್ಲ.

ಮೊದಲ ಸಲ ಸಿಕ್ಕಿಬಿದ್ದದ್ದು ಯಳಂದೂರಿನಲ್ಲಿ. ಹೊಳೆಯ ಹಳೆಯ ಸೇತುವೆಯ ಪಕ್ಕ ಬಗ್ಗಿಕೊಂಡು, ತೋಳು ಪೂರ್ತಿ ಒಂದು ಸಂದಿಯೊಳಗೆ ತೂರಿಸಿ ನಿಂತಿದ್ದೆ. ಎಮ್ಮೆ ಮೇಯಿಸುತ್ತಿದ್ದ ಯಜಮಾನರೊಬ್ಬರು ಬಹಳ ಹೊತ್ತು ನೋಡಿ, ಹತ್ತಿರ ಬಂದು, ಏನು ಕಳೆದುಕೊಂಡಿರಿ ಎಂದು ಕೇಳಿದರು. ಏನೂ ಕಳೆದಿಲ್ಲ, ಸುಮ್ಮನೆ ಹುಡುಕುತ್ತಿದ್ದೇನೆ ಎಂದೆ.

"ಕಳ್ದೋಗ್ದೇ ಇರೋದ್ನ ಯಾಕ್ ಸಾ ಉಡುಕ್ತೀರಿ?" ಎಂದರು ಅವರು.

ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಸ್ಕೂಲ್ ಇನ್ಸ್‌ಪೆಕ್ಟರೂ ನನ್ನ ಬಾಯಿ ಹೀಗೆ ಮುಚ್ಚಿಸಿರಲಿಲ್ಲ. ನಮ್ಮ ಕಡೆ ಹಳೆಯ ಕಲ್ಲುಗಳ ಹತ್ತಿರ ಕೈಯಾಡಿಸುವವನು ನಿಧಿ ಕಳ್ಳ ಎಂದೇ ಲೆಕ್ಕ. ಮರ್ಯಾದೆ ಉಳಿಯಲಿ ಎಂದು ಕೈ ಒರೆಸಿಕೊಂಡು ಹೊರಟುಬಿಟ್ಟೆ. ಆ ಡಬ್ಬಿ ಇವತ್ತಿಗೂ ಸಿಕ್ಕಿಲ್ಲ.

ನಿಜ ಹೇಳಬೇಕೆಂದರೆ, ಈ ಆಟ ನನಗೆ ಹೊಸದೇನೂ ಆಗಿರಲಿಲ್ಲ. ನನ್ನ ಅಕ್ಕ ಪುಟ್ಟಮಾದಮ್ಮ ಉಪಗ್ರಹಗಳ ನೆರವಿಲ್ಲದೆ ಇದನ್ನೇ ಆಡಿಸುತ್ತಿದ್ದಳು. ಮಧುವನಹಳ್ಳಿಯ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಹಣ್ಣು ಕಂಡರೆ ಆರಿಸಿ, ಎಲೆಯಲ್ಲಿ ಮಡಿಸಿ, ಗಿಡದ ಬುಡದಲ್ಲಿಟ್ಟು ಬರುವಳು. ನಾನು ಸ್ಕೂಲಿನಿಂದ ಬಂದೊಡನೆ ದಾರಿ ಹೇಳುವಳು: ಬಾವಿಗೆ ಬೆನ್ನು ಮಾಡಿ ನಿಲ್ಲು, ಎಡಗಡೆ ಮೂರನೇ ಸಾಲು ಹಿಡಿ, ಇಪ್ಪತ್ತು ಹೆಜ್ಜೆ ನಡೆ. ಹೆಜ್ಜೆ ಯಾರದು, ನಿನ್ನದೋ ನನ್ನದೋ ಎಂದು ಕೇಳಿದರೆ, ಹಸಿದವನ ಹೆಜ್ಜೆ ಎನ್ನುವಳು. ಹಣ್ಣು ಸಿಗುವ ಹೊತ್ತಿಗೆ ಅರ್ಧಕ್ಕೆ ಇರುವೆ ಮುತ್ತಿರುತ್ತಿದ್ದವು. ಇರುವೆಯನ್ನು ಊದಿ, ಉಳಿದದ್ದನ್ನು ತಿಂದು, ಬಾಯಿ ನೀಲಿ ಮಾಡಿಕೊಂಡು ಬರುತ್ತಿದ್ದೆ. ಆಗೆಲ್ಲ ದೂರವನ್ನು ಯಾರು ಮೀಟರಿನಲ್ಲಿ ಹೇಳುತ್ತಿದ್ದರು? ಒಂದು ಕೂಗಳತೆ ಎನ್ನುತ್ತಿದ್ದರು, ಒಂದು ಬೀಡಿ ಸೇದುವಷ್ಟು ದೂರ ಎನ್ನುತ್ತಿದ್ದರು. ಆ ಅಳತೆಯಲ್ಲಿ ಹೊರಟವರೂ ಊರು ಸೇರುತ್ತಿದ್ದರು.

ಹಾಗಾಗಿ ನಾನೇ ಒಂದು ಡಬ್ಬಿ ಬಚ್ಚಿಡಬೇಕೆಂದು ಹೊರಟಾಗ ಅಕ್ಕನನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಎಪ್ಪತ್ತು ದಾಟಿದ್ದರೂ ಅವಳು ಆಗಲೂ ರೇಷ್ಮೆ ಹುಳ ಸಾಕುತ್ತಿದ್ದಳು, ಗೂಡು ಬಿಡಿಸಿ ಕೊಳ್ಳೇಗಾಲದ ಮಾರ್ಕೆಟ್ಟಿಗೆ ತಾನೇ ಒಯ್ಯುತ್ತಿದ್ದಳು. ಒಂದು ಬೆಳೆ ಗೂಡು ಕಳಿಸಿ ಬಿಡುವಾದ ದಿನ ನನ್ನ ಸ್ಕೂಟರಿನ ಹಿಂದೆ ಕೂತು ಬಂದಳು. ಹನೂರು ದಾಟಿ ಮಾದಪ್ಪನ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ, ರಸ್ತೆಗೆ ಅಂಟಿಕೊಂಡ ಹಾಗೆ ಒಂದು ಬೋಳು ಬಂಡೆಯಿದೆ. ಅದರ ಮಗ್ಗುಲಲ್ಲಿ ಒಂದು ಗುಳಿ. ಸ್ಟೀಲ್ ಡಬ್ಬಿಯೊಳಗೆ ನೋಟ್‌ಬುಕ್ಕು, ಪೆನ್ಸಿಲ್ಲು ಇಟ್ಟು ಮುಚ್ಚುವ ಮೊದಲು, ಮೊದಲ ಪುಟ ನೀನೇ ಬರಿ ಎಂದು ಅಕ್ಕನ ಕೈಗೆ ಕೊಟ್ಟೆ. ಅವಳು ನನಗೆ ಬೆನ್ನು ತಿರುಗಿಸಿ ಕೂತು, ತುಂಬ ಹೊತ್ತು ಬರೆದು, ಪುಸ್ತಕ ಮಡಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿಬಿಟ್ಟಳು. ಏನು ಬರೆದೆ ಎಂದು ಕೇಳಿದೆ.

"ಸಿಕ್ದೋರು ಓದ್ಕತಾರೆ. ಬಚ್ಚಿಟ್ಟೋನು ನೀನು, ನಿನ್ಗ್ಯಾಕ್ಲಾ ಅದು?"

ಆಟದ ನಿಯಮವೂ ಅದೇ. ತಾನಿಟ್ಟ ಡಬ್ಬಿಯನ್ನು ತಾನೇ ಹುಡುಕಿ ಹೆಸರು ಬರೆಯುವಂತಿಲ್ಲ. ನಕ್ಕು ಡಬ್ಬಿಯನ್ನು ಗುಳಿಯೊಳಗೆ ತಳ್ಳಿದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಕಾಯಿಲೆ ಬಿದ್ದದ್ದು ನಾಲ್ಕೇ ದಿನ. ಮಕ್ಕಳಿರಲಿಲ್ಲ, ಹುಳದ ಮನೆಗೆ ನಾನೇ ಬೀಗ ಹಾಕಿದೆ. ವರ್ಷದ ತಿಥಿಯೂ ಮುಗಿದ ಮೇಲೆ ಅವಳ ಕೈಯಕ್ಷರ ಎಲ್ಲಾದರೂ ಇದೆಯೇ ಎಂದು ಹುಡುಕಿದರೆ ಒಂದು ಚೀಟಿಯೂ ಸಿಗಲಿಲ್ಲ. ಅವಳು ಕಾಗದ ಬರೆದವಳಲ್ಲ. ಹೇಳುವುದಿದ್ದರೆ ಬಸ್ಸು ಹತ್ತಿ ಬಂದು ಹೇಳುವಳು. ಅವಳು ಬರೆದದ್ದು ಭೂಮಿಯ ಮೇಲೆ ಉಳಿದಿರುವುದು ಆ ಡಬ್ಬಿಯಲ್ಲಿ ಮಾತ್ರ ಎಂದು ಹೊಳೆದಾಗ ನನಗೆ ಕೂರಲಾಗಲಿಲ್ಲ. ನಿಯಮದ ಮನೆ ಹಾಳಾಗಲಿ ಎಂದು ಸ್ಕೂಟರ್ ತೆಗೆದೆ.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಡಬ್ಬಿ ಇಟ್ಟ ಜಾಗಕ್ಕೆ ಗುರುತು ಮಾಡಬಾರದು. ನನ್ನ ಮರೆವು ನನಗೆ ಗೊತ್ತಿದ್ದರಿಂದ ಗುಳಿಯ ಬಾಯಿಗೆ ಮೂರು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಬಂದಿದ್ದೆ. ಆ ರಸ್ತೆಯಲ್ಲಿ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರಿಗೆ ಕಲ್ಲಿನ ಮೇಲೆ ಕಲ್ಲು ಕಂಡರೆ ಅರ್ಥ ಒಂದೇ: ಯಾರೋ ಮನೆ ಬೇಡಿಕೊಂಡಿದ್ದಾರೆ. ಸ್ವಂತ ಮನೆ ಆಗಲಿ ಮಾದಪ್ಪ ಎಂದು ಪಕ್ಕದಲ್ಲಿ ತಾವೂ ಒಂದು ಪುಟ್ಟ ಮನೆ ಕಟ್ಟುತ್ತಾರೆ. ಭೂಗೋಳದ ಮೇಷ್ಟರಿಗೆ ಈ ಭೂಗೋಳ ಮಾತ್ರ ಮರೆತುಹೋಗಿತ್ತು. ಹೋಗಿ ನೋಡಿದರೆ ಬಂಡೆಯ ತುಂಬ ಬಡಾವಣೆ! ಎರಡು ಕಲ್ಲಿನವು, ಐದು ಕಲ್ಲಿನವು, ಜಲ್ಲಿಕಲ್ಲಿನ ಕಾಂಪೌಂಡ್ ಇರುವಂಥವು. ಮೊಬೈಲು ಹೇಳುವ ಜಾಗದಲ್ಲಿ ನಾಲ್ಕೈದು ಮೀಟರು ಆಚೀಚೆ ಆಗುತ್ತದೆ. ಆ ಅಳತೆಯೊಳಗೇ ಮೂವತ್ತು ಮನೆಗಳಿದ್ದವು.

ಒಂದು ಕಲ್ಲಿಗೆ ಕೈ ಇಟ್ಟೆ, ಎತ್ತಲಾಗಲಿಲ್ಲ. ಬಾಡಿಗೆ ಮನೆಯಲ್ಲಿ ನಲ್ಲಿ ನೀರಿಗೆ ಮಾತು ಕೇಳಿಸಿಕೊಂಡು ಬಂದ ಯಾರೋ ಇಟ್ಟ ಕಲ್ಲು ಅದು. ಅಕ್ಕನ ಒಂದು ಸಾಲಿಗಾಗಿ ಅವರ ಮನೆ ಕೆಡವಲೇ? ಎತ್ತದೆ ಹೋದರೆ ಆ ಸಾಲು ನನಗೆ ಎಂದಿಗೂ ಇಲ್ಲ. ಬಂಡೆಯ ಮೇಲೆ ಕೂತು, ಅರವತ್ತೆರಡು ವರ್ಷದವನು, ಅತ್ತೆ.

ಅಷ್ಟರಲ್ಲಿ ಬೆಟ್ಟಕ್ಕೆ ಹೊರಟ ಒಂದು ಗುಂಪು ಬಂಡೆಯ ನೆರಳಿಗೆಂದು ಬಂದು ನಿಂತಿತು. ಯಳಂದೂರಿನ ಕಡೆಯ ಕೂಲಿಯವರು, ಒಂಬತ್ತು ಜನ. ಅವರಲ್ಲಿ ಹಿರಿಯಳಾದ ಹೆಂಗಸು ನೀರಿನ ಬಾಟಲಿ ಕೊಟ್ಟು, ಏನಾಯಿತು ಎಂದಳು. ಹೆಸರು ಚಿಕ್ಕತಾಯಮ್ಮನಂತೆ. ಡಬ್ಬಿ, ಅಕ್ಕ, ಕಲ್ಲು ಎಲ್ಲವನ್ನೂ ಹೇಳಿದೆ. ಆಕೆ ಇಡೀ ಬಡಾವಣೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿ, ತನ್ನವರ ಕಡೆ ತಿರುಗಿದಳು.

"ಓದ್ ವರ್ಷ ನಾವೂ ಇಲ್ಲೇ ಕಟ್ಟಿದ್ವಲ್ಲ. ನಮ್ ನಮ್ದು ನಾವೇ ಬಿಚ್ಚನ. ಮನೆ ಆದೋರು ತಗದ್ಬುಡಿ, ಆಗ್ದೇ ಇರೋರು ಅಂಗೇ ಎತ್ತಿ ಆಕಡೆ ಮಡುಗಿ. ಬೇರೇರ್ದು ಮುಟ್ಬ್ಯಾಡಿ."

ಆಕೆಯ ಮನೆ ಆಗಿತ್ತು. ತಗಡಿನ ಶೀಟು ಹಾಕಿದ್ದು, ಆದರೂ ಸ್ವಂತದ್ದು ಎಂದು ಹೇಳುತ್ತಲೇ ನಾಲ್ಕು ಕಲ್ಲು ತೆಗೆದಿಟ್ಟಳು. ಉಳಿದವರಲ್ಲಿ ಯಾವುದು ಯಾರ ಮನೆ ಎಂದು ಸಣ್ಣ ಜಗಳವಾಯಿತು. ಮೂರಂತಸ್ತಿನದೊಂದನ್ನು ಇಬ್ಬರು ತಮ್ಮದೆಂದರು. ಒಂಟಿ ಕಲ್ಲಿನದು ಯಾರಿಗೂ ಬೇಡವಾಯಿತು. ಮನೆ ಆಗದಿದ್ದವನೊಬ್ಬ ತನ್ನ ಐದು ಕಲ್ಲುಗಳನ್ನು ಅದೇ ಕ್ರಮದಲ್ಲಿ ಎತ್ತಿಕೊಂಡು ಹೋಗಿ, ಅಷ್ಟು ದೂರದಲ್ಲಿ ಅದೇ ಮುಖವಾಗಿ ಜೋಡಿಸಿದ. ಅವನ ಮನೆ ಮೊದಲಿದ್ದ ಜಾಗದಲ್ಲಿ ನನ್ನ ಮೂರು ಚಪ್ಪಟೆ ಕಲ್ಲು, ಅದರ ಹಿಂದೆ ಗುಳಿ, ಗುಳಿಯಲ್ಲಿ ಡಬ್ಬಿ.

ಮುಚ್ಚಳ ತೆಗೆದು ನೋಟ್‌ಬುಕ್ಕು ಬಿಡಿಸಿದೆ. ಗಟ್ಟಿಯಾಗಿ ಓದಿ ಎಂದರು ಎಲ್ಲರೂ. ಓದಿದೆ. ದೊಡ್ಡ ದೊಡ್ಡ ಅಕ್ಷರದಲ್ಲಿ ಅಕ್ಕ ಬರೆದಿದ್ದಳು: "ಈ ಡಬ್ಬ ಸಿಕ್ಕಿದವರು ಮಧುವನಹಳ್ಳಿಗೆ ಬನ್ನಿ. ಬಸ್ಸು ಇಳಿದು ಪುಟ್ಟಮಾದಮ್ಮನ ಹುಳದ ಮನೆ ಯಾವುದು ಅಂತ ಕೇಳಿ. ಇಷ್ಟು ದೂರ ಬಿಸಿಲಲ್ಲಿ ಬಂದಿದ್ದೀರಿ. ಉಂಡು ಹೋಗಿ."

ಕೆಳಗೆ ಮೂರು ಬರಹಗಳಿದ್ದವು. ಮೊದಲನೆಯವರು, ಊಟ ಮಾಡಿ ಬಂದು ಇದನ್ನು ಬರೆಯುತ್ತಿದ್ದೇವೆ, ಬಸ್ಸಾರು, ಮುದ್ದೆ, ಇನ್ನೊಂದು ಬೇಡವೆಂದರೂ ಅಮ್ಮ ಕೇಳಲಿಲ್ಲ ಎಂದಿದ್ದರು. ಎರಡನೆಯವನು ಯಾವುದೋ ದೂರದ ಊರಿನವನು, ಉಂಡು ಅವಳ ಜಗಲಿಯಲ್ಲೇ ನಿದ್ದೆ ಮಾಡಿದ್ದನಂತೆ. ಮೂರನೆಯದು ಹೀಗಿತ್ತು: "ಹೋಗಿದ್ದೆವು. ಬೀಗ ಹಾಕಿತ್ತು. ಪಕ್ಕದ ಮನೆಯವರು ವಿಷಯ ಹೇಳಿದರು. ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬಂದೆವು." ಅಷ್ಟು ಜನಕ್ಕೆ ಬಡಿಸಿದ್ದನ್ನು ಅವಳು ನನಗೆ ಒಂದು ಮಾತೂ ಹೇಳಿರಲಿಲ್ಲ. ಯಾರು ಬಂದರು, ಎಷ್ಟು ಬಡಿಸಿದೆ ಎಂದು ಹೇಳಿಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಪೆನ್ಸಿಲ್ ತೆಗೆದುಕೊಂಡು, ಹಿಂದುಮುಂದು ಯೋಚಿಸದೆ, ಕೆಳಗೆ ಹನೂರಿನ ನನ್ನ ಮನೆಗೆ ಬರುವ ದಾರಿಯನ್ನು ಬರೆದೆ. ಏನು ಬರೆದಿರಿ ಎಂದಳು ಚಿಕ್ಕತಾಯಮ್ಮ. ಇನ್ನು ಮೇಲೆ ಡಬ್ಬಿ ಸಿಕ್ಕಿದವರು ನಮ್ಮಲ್ಲಿ ಉಣ್ಣಲಿ ಎಂದು ಬರೆದೆ ಎಂದೆ. ಆಕೆ ತನ್ನವರನ್ನೊಮ್ಮೆ ಎಣಿಸಿದಳು.

"ಅಂಗಾರೆ ಡಬ್ಬ ಸಿಕ್ಕಿರೋದು ನಮ್ಗೇ ಅಲ್ವಾ ಸಾ?"

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಸಿಟ್ಟು ಮಾಡಲಿಲ್ಲ. ಅಕ್ಕನ ಸಾಲನ್ನು ಎರಡು ಸಲ ಹೇಳಿಸಿ ಕೇಳಿದಳು. ಆಮೇಲೆ, ಕರೆದವರೇ ಬೇಯಿಸಬೇಕು ಎಂದು ಮುದ್ದೆ ತೊಳಸುವ ಹಿಟ್ಟಿನ ಕೋಲನ್ನು ನನ್ನ ಕೈಗೆ ಕೊಟ್ಟಳು. ಬೆಟ್ಟದಿಂದ ಇಳಿದು ಅವರು ಬಂದದ್ದು ನಾಲ್ಕನೆಯ ದಿನ. ಒಂಬತ್ತಲ್ಲ, ಹನ್ನೊಂದು ಜನ. ದಾರಿಯಲ್ಲಿ ಇನ್ನಿಬ್ಬರು ಸೇರಿಕೊಂಡಿದ್ದರು. ನನ್ನ ಮುದ್ದೆಯಲ್ಲಿ ಗಂಟುಗಳಿದ್ದವು, ಸಾರಿಗೆ ಉಪ್ಪು ಒಂದು ಕೈ ಮುಂದಾಗಿತ್ತು. ಯಾರೂ ಮುಖ ಸಿಂಡರಿಸಲಿಲ್ಲ. ಐದು ಕಲ್ಲಿನ ಮನೆಯವನು ಮಾತ್ರ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, ಸಾಕು ಸಾ ಎಂದ. ನಾನು ಅವನ ಕೈ ಸರಿಸಿ ಇನ್ನೊಂದು ಮುದ್ದೆ ಹಾಕಿದೆ.