ಅಪ್ಪನ ಜನರಲ್

ಎರಡನೇ ಮಹಾಯುದ್ಧದಲ್ಲಿ ಅಪ್ಪ ಸೈನ್ಯದ ಅಡುಗೆಯವರು. ಮರುಭೂಮಿಯಲ್ಲಿ ಒಮ್ಮೆ, ಅನ್ನದ ಹಂಡೆಯ ಪಕ್ಕ ನಿಂತು, ಯುರೋಪಿನ ಒಬ್ಬ ಎತ್ತರದ ಜನರಲ್ ನಡೆದುಹೋಗುವುದನ್ನು ದೂರದಿಂದ ಕಂಡಿದ್ದರಂತೆ. ಮುಂದೆ ಆ ಜನರಲ್ ತನ್ನ ದೇಶವನ್ನೇ ಆಳಿದ. ಅಪ್ಪ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂತರು. ಆಳಲು ಅವರಿಗಿದ್ದದ್ದು ನಾವು ನಾಲ್ಕು ಹೆಂಗಸರು: ಅಜ್ಜಿ, ಅಮ್ಮ, ಅಕ್ಕ, ನಾನು.

ಪೇಪರಿನಲ್ಲಿ ಜನರಲ್ ವಿಷಯ ಬಂದರೆ ಅಪ್ಪ ಎರಡು ಸಲ ಓದುತ್ತಿದ್ದರು. ಆಳುವವನು ಹೆಚ್ಚು ಮಾತಾಡಬಾರದು, ಎಲ್ಲರಿಂದ ದೂರ ಇರಬೇಕು ಎಂಬುದು ಅವರು ಅಲ್ಲಿಂದ ಕಲಿತ ಪಾಠ. ಅಂಧೇರಿಯ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ದೂರವನ್ನು ಎಲ್ಲಿಂದ ತರುವುದು? ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಅಮ್ಮ ಏನಾದರೂ ಸಲಹೆ ಕೊಟ್ಟರೆ, "ಅಧಿಕಾರ ಅಂದ್ರೆ ಚಟ್ನಿ ಅಲ್ಲ ಮಾರಾಯ್ತಿ, ಕೇಳಿದವರಿಗೆಲ್ಲ ಬಡಿಸ್ಲಿಕ್ಕೆ" ಎನ್ನುತ್ತಿದ್ದರು.

ಅಕ್ಕನಿಗೆ ವಿಲೆ ಪಾರ್ಲೆಯ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟು, ಅವಳ ಎರಡರಷ್ಟು ವಯಸ್ಸಿನ ಊರಿನ ವಿಧುರನನ್ನು ಮದುವೆಯಾಗಬೇಕೆಂದು ಅಪ್ಪ ಹುಕುಂ ಹೊರಡಿಸಿದರು. ಅಕ್ಕ ಅನ್ನ ಬಿಟ್ಟಳು. ಅದೇ ವಾರ ಪೇಪರಿನಲ್ಲಿ ಬಂತು: ಜನರಲ್ ತನ್ನ ಜನರ ಮತ ಕೇಳಿದ್ದಾನೆ, ಅವರು ಬೇಡವೆಂದಿದ್ದಾರೆ, ಮರುದಿನವೇ ಕುರ್ಚಿ ಬಿಟ್ಟು ಹೋಗಿದ್ದಾನೆ.

"ನಿಮ್ಮ ಜನರಲ್ ಕೇಳಿದ್ರಲ್ಲ, ನೀವೂ ಒಮ್ಮೆ ಕೇಳಿ" ಎಂದಳು ಅಮ್ಮ.

ಅಪ್ಪ ನಕ್ಕರು. "ಆಯ್ತು. ಈ ಸಂಬಂಧ ಬೇಡ ಅನ್ನುವವರು ಕೈ ಎತ್ತಿ. ಸೋತ್ರೆ ನಾನೂ ಈ ಮನೆಯಲ್ಲಿ ಇರುದಿಲ್ಲ."

ಅಕ್ಕ ಎತ್ತಿದಳು. ಅಮ್ಮ ಎತ್ತಿದಳು, ನಾನೂ ಎತ್ತಿದೆ. ಮೂಲೆಯಲ್ಲಿ ಹರಿವೆ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ, ಅಪ್ಪನನ್ನು ಹೆತ್ತವಳು, ಸೊಪ್ಪು ಪಕ್ಕಕ್ಕಿಟ್ಟು ಒದ್ದೆ ಕೈ ಎತ್ತಿದಳು. ಅಪ್ಪ ನೋಡಿದ್ದು ಆ ಕೈಯೊಂದನ್ನೇ. ಬೆಳಿಗ್ಗೆ ಟ್ರಂಕು ಹಿಡಿದು ಲೋಕಲ್ ರೈಲು ಹತ್ತಿದವರು ಹೋಟೆಲಿನ ಅಟ್ಟದಲ್ಲಿ, ಸಪ್ಲೈಯರುಗಳ ಜೊತೆ ಉಳಿದುಬಿಟ್ಟರು.

ಕರೆಯಲು ಅಮ್ಮ, ನಾನು ಹೋದೆವು. ಅಪ್ಪ ಕಾಫಿ ತರಿಸಿದರು. ಜನರಲ್ ಹಿಂದೆಯೂ ಒಮ್ಮೆ ಅಧಿಕಾರ ಬಿಟ್ಟು ಹೋಗಿದ್ದನಂತೆ, ವರ್ಷಗಳ ನಂತರ ದೇಶವೇ ಕರೆದಾಗ ಷರತ್ತು ಹಾಕಿಯೇ ಬಂದನಂತೆ. "ನನ್ನದೂ ಷರತ್ತು. ಅವಳು ಕೆಲಸ ಬಿಡ್ಲಿ, ಆ ಮದುವೆ ಆಗ್ಲಿ."

"ಅವಳನ್ನು ಕೊಟ್ಟು ನಿಮ್ಮನ್ನು ತರುದಿಲ್ಲ" ಎಂದು ಅಮ್ಮ ಎದ್ದಳು. ಕಾಫಿ ಮುಟ್ಟಲಿಲ್ಲ. ನನಗೆ ಆ ಜನರಲ್ ಮೇಲೆ ಕೋಪ ಬಂತು. ಎಲ್ಲಿಯ ಮನುಷ್ಯ, ಎಲ್ಲಿಯ ನಮ್ಮ ಖೋಲಿ!

ಕೆಲವು ವರ್ಷಗಳ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಹೇಳಿ ಕಳಿಸಿದಾಗ ಅಪ್ಪ ಬಂದರು. ಅಜ್ಜಿ ಅವರ ಕೈ ಹಿಡಿದು, "ನಾನು ಕೈ ಎತ್ತಿದ್ದಕ್ಕೆ ಸಿಟ್ಟಾ ಮಗಾ?" ಎಂದಳು. ಅಪ್ಪ ಗೋಡೆ ನೋಡಿದರು. ಅವಳು ಮತ್ತೊಮ್ಮೆ ಕೇಳಿದಳು. ಹೂಂ ಇಲ್ಲ, ಉಹೂಂ ಇಲ್ಲ. ಆಳುವವನು ಹೆಚ್ಚು ಮಾತಾಡಬಾರದಲ್ಲ. ಸಂಜೆಯೊಳಗೆ ಅವಳು ಹೋದಳು.

ಕ್ರಿಯೆ ಮುಗಿಸಿ ಹೊರಟ ಅಪ್ಪನನ್ನು ಬಿಡಲು ಸ್ಟೇಷನ್ನಿಗೆ ಹೋದೆ. ಲೋಕಲ್ ಬಂತು. ಅವರು ಹತ್ತಲಿಲ್ಲ. ಗಾಡಿ ಹೋದ ಮೇಲೆ, ಯಾರನ್ನೂ ನೋಡದೆ, "ಸಿಟ್ಟಿಲ್ಲಮ್ಮ" ಎಂದರು. ಅದನ್ನು ಕೇಳಬೇಕಾದವಳನ್ನು ಅವರೇ ಸುಟ್ಟು ಬಂದಿದ್ದರು.