ಕಾಯ್ ನಾಯ್

ನಮ್ಮ ಡೊಂಬಿವಲಿಯ ಬಾಡಿಗೆ ಮನೆಯ ಗೀಸರಿಗೆ ಕಣ್ಣು ಕೆಂಪು ಮಾಡಲು ಮಾತ್ರ ಚೆನ್ನಾಗಿ ಬರುತ್ತದೆ. ಸ್ವಿಚ್ ಹಾಕಿದೊಡನೆ ದೀಪ ಹೊತ್ತಿಸಿಕೊಂಡು ಗೊರಗೊರ ಎನ್ನುತ್ತದೆ, ನಲ್ಲಿ ತಿರುಗಿಸಿದರೆ ಬರುವುದು ತಣ್ಣೀರು. ಇನ್ನೊಂದು ದಿನ ಸ್ವಿಚ್ ಆರಿಸಿ ಎಷ್ಟೋ ಹೊತ್ತಾದ ಮೇಲೆ ಕೈ ತೊಳೆಯಲು ಹೋದವರ ಚರ್ಮ ಸುಲಿಯುವಷ್ಟು ಬಿಸಿ. ಮಾಲೀಕರು ಸಾನಪಾಡಾದಲ್ಲಿದ್ದಾರೆ. ಫೋನ್ ಮಾಡಿ ದೂರು ಹೇಳಿದರೆ "ಹಮಾರೇ ಟೈಮ್ ಪೇ ತೋ ಏಕ್‌ದಮ್ ಮಸ್ತ್ ಚಲ್ತಾ ಥಾ" ಎನ್ನುತ್ತಾರೆ. ಅವರ ಕಾಲದಲ್ಲಿ ನಾನೂ ಮಸ್ತ್ ಆಗಿಯೇ ಇದ್ದೆ ಎಂದು ಹೇಳಿಬಿಡಬೇಕು ಅನಿಸುತ್ತದೆ. ಆದರೆ ಹನ್ನೊಂದು ತಿಂಗಳ ಅಗ್ರಿಮೆಂಟಿನವರು ಬಾಯಿಯನ್ನು ಅಳೆದು ತೂಗಿಯೇ ತೆರೆಯಬೇಕು.

ಕನ್ನಡದಲ್ಲಿ ನೀರೂ ಕಾಯುತ್ತದೆ, ಮನುಷ್ಯರೂ ಕಾಯುತ್ತಾರೆ. ನಮ್ಮ ಮನೆಯಲ್ಲಿ ಎರಡನೆಯದೇ ಜಾಸ್ತಿ. ಹಿಂದೆ ಇದ್ದ ಬಾಡಿಗೆ ಮನೆಗಳ ಗೀಸರುಗಳೂ ಇದರ ಅಣ್ಣತಮ್ಮಂದಿರೇ ಆಗಿದ್ದರಿಂದ, ಬೆಳಗಾದರೆ ಅಡುಗೆಮನೆಯಿಂದ ನಾನು "ಕಾಯ್ತಾ?" ಎಂದು ಕೂಗುವುದು, ಬಚ್ಚಲಿನಿಂದ ಮಗಳು "ಕಾಯ್ ನಾಯ್!" ಎಂದು ಕೂಗುವುದು ನಮ್ಮ ಸುಪ್ರಭಾತವಾಗಿತ್ತು. ಇಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದ ಹುಡುಗಿ. ಕನ್ನಡದ "ಕಾಯ್"ಗೆ ಮರಾಠಿಯ "ನಾಯ್" ಸೇರಿಸಿ "ನೀರು ಕಾಯಲಿಲ್ಲ" ಎಂಬುದನ್ನು ಎರಡೇ ಅಕ್ಷರಕ್ಕೆ ಇಳಿಸಿದ್ದಳು. ಕೊನೆಗೆ ನನ್ನ ಗಂಡನೂ ಅದನ್ನೇ ಹೇಳತೊಡಗಿದರು.

ಈ ಮಗಳನ್ನು ಠಾಣೆಯ ವರ್ತಕ ನಗರದ ಒಂದು ಮರಾಠಿ ಮನೆಗೆ ಕೊಟ್ಟೆವು. ಕೊಟ್ಟೆವು ಎನ್ನುವುದು ಮಾತಿಗೆ. ಅವರಿಬ್ಬರೂ ಲೋಕಲ್ ಟ್ರೇನಿನಲ್ಲೇ ಎಲ್ಲ ನಿಶ್ಚಯ ಮಾಡಿಕೊಂಡು ನಮಗೆ ತಿಳಿಸಿದರು. ಹುಡುಗ ಬಂಗಾರ. ಅವನ ಮೇಲೆ ನನ್ನದೊಂದೇ ತಕರಾರು, ಅವನಿಗೆ ಯಾವ ತಕರಾರೂ ಇಲ್ಲ ಎನ್ನುವುದು. ಉಪ್ಪು ಮರೆತ ಸಾರಿಗೂ "ಛಾನ್", ಚೆನ್ನಾಗಿದೆ, ಎನ್ನುತ್ತಾನೆ. ಫ್ಯಾನ್ ಹಾಕಲಾ ಎಂದರೆ "ಚಾಲೇಲ್", ಅಂದರೆ ನಡೆಯುತ್ತದೆ; ಆರಿಸಲಾ ಎಂದರೂ "ಚಾಲೇಲ್". ಸೋಫಾದ ಅಂಚಿನಲ್ಲಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿಯುವವನ ಹಾಗೆ ಕೂತಿರುತ್ತಾನೆ. "ಅತಿ ವಿನಯಂ ಧೂರ್ತ ಲಕ್ಷಣಂ" ಎಂದು ಗಂಡ ಒಮ್ಮೆ ಕಿಚಾಯಿಸಿದರು. ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿ ತಲೆ ಹಣ್ಣಾದ ಮನುಷ್ಯ, ತಕರಾರಿಲ್ಲದ ಗಿರಾಕಿಯನ್ನು ಅವರು ನಂಬುವುದಿಲ್ಲ. ಸುಮ್ಮನಿರಿ ಎಂದು ಗದರಿದೆ.

ಗದರಿದೆನೇ ಹೊರತು ನನಗೂ ಒಳಗೊಳಗೆ ಹೆದರಿಕೆಯೇ ಇತ್ತು. ಇರುವುದು ಒಬ್ಬಳೇ ಮಗಳು. ಅಳಿಯ ಈ ಮನೆಯಲ್ಲಿ ನೆಂಟನಾಗಿಯೇ ಉಳಿದರೆ ಅವನ ಹಿಂದೆ ಮಗಳೂ ನೆಂಟಳಾಗುತ್ತಾಳೆ. ಹಬ್ಬಕ್ಕೆ ಬರುತ್ತಾರೆ, ಚೀಲ ಪೂರ್ತಿ ಬಿಚ್ಚದೆ ಹೋಗುತ್ತಾರೆ. ಅವನು ಒಂದೇ ಒಂದು ಸಲ ಈ ಮನೆಯಲ್ಲಿ ಬಾಯಿಬಿಟ್ಟು ಏನಾದರೂ ಕೇಳಲಿ ಎಂದು ನಾನು ದೇವರಿಗೆ ಕಾಯಿ ಹೇಳಿಕೊಂಡಿದ್ದೆ.

ಅಷ್ಟರಲ್ಲಿ ಮೊದಲ ದೀಪಾವಳಿ ಬಂತು. ಅಳಿಯನ ಮೊದಲ ದೀಪಾವಳಿ ನಮ್ಮಲ್ಲೂ ದೊಡ್ಡದು, ಮರಾಠಿಗರಲ್ಲೂ ದೊಡ್ಡದು. ಚತುರ್ದಶಿಯ ಬೆಳಗಿನ ಎಣ್ಣೆಸ್ನಾನ ಅತ್ತೆಮನೆಯಲ್ಲೇ ಆಗಬೇಕು. ಅಂದರೆ ನನ್ನ ಮಾನವೆಲ್ಲ ಆ ಗೀಸರಿನ ಕೈಯಲ್ಲಿ! ನೆಂಟ ನೆಂಟ ಎಂದು ನಾನು ಕೊರಗುತ್ತಿರುವಾಗ, ಮೈತುಂಬ ಎಣ್ಣೆ ಹಚ್ಚಿಕೊಂಡ ಹುಡುಗನ ಮೇಲೆ ಅದು ತಣ್ಣೀರು ಸುರಿದರೆ ಏನು ಗತಿ? ಅವನು ನಡುಗುತ್ತಲೇ "ಛಾನ್" ಎಂದು ಹೊರಗೆ ಬರುತ್ತಾನೆ, ಆಮೇಲೆ ಈ ಕಡೆ ತಲೆ ಹಾಕುವುದಿಲ್ಲ.

ಇಲೆಕ್ಟ್ರಿಶಿಯನ್ನನ್ನು ಕರೆದೂ ಕರೆದೂ ಸಾಕಾಗಿ, ಹಿಂದಿನ ದಿನ ನಾನು ನನಗೆ ಗೊತ್ತಿದ್ದ ರಿಪೇರಿ ಮಾಡಿದೆ. ಅಂದು ನೀರು ತುಂಬುವ ಹಬ್ಬ. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಬಚ್ಚಲ ಹಂಡೆಯನ್ನು ಬೆಳಗಿ, ಹಿಂಡ್ಲೆಕಾಯಿ ಎಂಬ ಕಹಿ ಕಾಡುಕಾಯಿಯ ಮಾಲೆ ಹಾಕಿ, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ಅಂಥದ್ದೇ ಕಾಯಿ ಇಲ್ಲಿ ಸ್ಟೇಷನ್ನಿನ ಹೊರಗೆ ಕಾರೀಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಮರಾಠಿಗರು ಅದನ್ನು ನರಕಾಸುರನೆಂದು ಕಾಲಡಿ ತುಳಿಯುತ್ತಾರೆ, ನಾವು ಪೋಣಿಸಿ ಕೊರಳಿಗೆ ಹಾಕುತ್ತೇವೆ. ಹಂಡೆ ಇಲ್ಲದ ಊರಿನಲ್ಲಿ ಗೀಸರೇ ಹಂಡೆ. ಸ್ಟೂಲು ಹತ್ತಿ ಅದರ ಮೈ ಒರೆಸಿ, ಕಾರೀಟ್ ಮಾಲೆ ಹಾಕಿ, ಅದರ ಮೇಲೆ ಚೆಂಡುಹೂವಿನದೊಂದು ಹಾಕಿ, ಹಣೆಯ ಜಾಗಕ್ಕೆ ಕುಂಕುಮವಿಟ್ಟು ಕೈ ಮುಗಿದೆ.

ಆಗ ಬಂದ ಮಹಾರಾಯ ಇಲೆಕ್ಟ್ರಿಶಿಯನ್. ಬಚ್ಚಲಿನ ಬಾಗಿಲಲ್ಲಿ ನಿಂತು ಮಾಲೆ ನೋಡಿದ, ಕುಂಕುಮ ನೋಡಿದ, ಟೋಪಿ ತೆಗೆದು "ಕಾಕೂ, ಹಾ ವಾರಲಾ ಕಾ?" ಎಂದು ಕೇಳಿದ. ತೀರಿಕೊಂಡನಾ ಎಂದು! ಗಂಡ ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. ನನಗೆ ರೇಗಿತು. ನೀನು ಹೇಳಿದ ದಿನ ಬಂದಿದ್ದರೆ ಮಾಲೆಯ ಖರ್ಚು ಉಳಿಯುತ್ತಿತ್ತು ಎಂದೆ. ಅವನು ಮಾಲೆಯನ್ನು ಭಕ್ತಿಯಿಂದ ಪಕ್ಕಕ್ಕೆ ಸರಿಸಿ, ಒಳಗೆ ಏನೋ ಬದಲಾಯಿಸಿ, ಇನ್ನು ಚಿಂತೆಯಿಲ್ಲ ಎಂದು ಹೇಳಿ ಹೋದ. ನಾನು ನಂಬಲಿಲ್ಲ. ಇಂಥ ಮಾತು ಕೇಳಿ ನಾನು ಚಳಿಯಲ್ಲಿ ನಡುಗಿದ ಮನೆಗಳು ಕಲ್ಯಾಣದಿಂದ ಇಲ್ಲಿಯವರೆಗೆ ಸಾಲಾಗಿ ಇವೆ.

ಬೆಳಗಿನ ಜಾವ ಎದ್ದವಳೇ ಯಾವುದಕ್ಕೂ ಇರಲಿ ಎಂದು ಇಡ್ಲಿ ಪಾತ್ರೆಯಲ್ಲಿ ನೀರು ತುಂಬಿ ಗ್ಯಾಸಿನ ಮೇಲಿಟ್ಟೆ. ಅಳಿಯನನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿದೆ. ಸೆಲೂನಿನಲ್ಲಿ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಎಣ್ಣೆ ಕಣ್ಣಿಗಿಳಿದರೂ "ಚಾಲೇಲ್". ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ನಾವು ಮೂವರೂ ಹೊರಗೆ ಬಾಗಿಲಿಗೆ ಕಿವಿ ಕೊಟ್ಟು ನಿಂತೆವು. ಒಳಗಿನಿಂದ ನೀರು ಬೀಳುವ ಸದ್ದು ಬಂತೇ ಹೊರತು ಅದು ತಣ್ಣಗೋ ಬಿಸಿಯೋ ಎಂದು ಸದ್ದಿನಿಂದ ಹೇಗೆ ತಿಳಿಯಬೇಕು? ನನಗೆ ತಡೆಯಲಾಗಲಿಲ್ಲ. ಎಷ್ಟೋ ವರ್ಷಗಳ ಬಾಯಿ ಅಭ್ಯಾಸ, ಹಾಗೇ ಕೂಗಿಬಿಟ್ಟೆ.

"ಕಾಯ್ತಾ?"

ಒಳಗಿನಿಂದ ಅಳಿಯ ಕೂಗಿದ: "ಕಾಯ್ ನಾಯ್!"

"ಕಾಯ್ಲಿಲ್ಲ ಅಂಬಾ! ನಾ ಹೇಳಿದ್ನಲಾ!" ಎನ್ನುತ್ತ ಅಡುಗೆಮನೆಗೆ ಓಡಿದೆ. ಮಗಳು ಹಿಂದಿನಿಂದ "ಅಮ್ಮಾ, ತಸಂ ನಾಹೀ, ಥಾಂಬ್!" ಎಂದು, ಹಾಗಲ್ಲ ನಿಲ್ಲು ಎಂದು, ಏನೋ ಹೇಳುತ್ತಿದ್ದಳು. ಕೇಳುವ ವ್ಯವಧಾನ ಯಾರಿಗಿತ್ತು? ಗಂಡ ಕುದಿಯುವ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದು ಬಾಗಿಲು ತಟ್ಟಿದರು. ಬಾಗಿಲು ಸ್ವಲ್ಪ ತೆರೆಯಿತು, ಎಣ್ಣೆಗೈಗಳೆರಡು ಹೊರಬಂದು ಬಟ್ಟೆಸಮೇತ ಪಾತ್ರೆಯನ್ನು ಒಳಗೆಳೆದುಕೊಂಡವು. "ಥ್ಯಾಂಕ್ಯೂ" ಎಂದೂ ಹೇಳಿದವು.

ಮಗಳು ಹಣೆ ಚಚ್ಚಿಕೊಂಡು ಬಿಡಿಸಿ ಹೇಳಿದ್ದು ಆಮೇಲೆ. ನನ್ನ "ಕಾಯ್ತಾ" ಅವನ ಕಿವಿಗೆ ಮರಾಠಿಯ "ಕಾಯ್" ಆಗಿ ಕೇಳಿಸಿತ್ತು. ಅಂದರೆ "ಏನು?" ಎಂದು. ಅದಕ್ಕವನು "ಏನೂ ಇಲ್ಲ" ಎಂದಿದ್ದ. "ಕಾಯ್ ನಾಯ್" ಎಂದರೆ ಮರಾಠಿಯಲ್ಲಿ ಅಷ್ಟೇ, ಇಡೀ ಮಹಾರಾಷ್ಟ್ರಕ್ಕೆ ಗೊತ್ತಿರುವ ಮಾತು. ನನಗೂ ಗೊತ್ತು. ಆದರೆ ಬಚ್ಚಲ ಬಾಗಿಲಿನಲ್ಲಿ ಅದಕ್ಕೆ ನಮ್ಮ ಮನೆಯ ಅರ್ಥ ಬಿಟ್ಟು ಬೇರೆ ಅರ್ಥವೂ ಉಂಟೆಂದು ನನಗೆ ಹೊಳೆಯಲಿಲ್ಲ. ಗೀಸರ್ ಆ ದಿನ ಪತಿವ್ರತೆಯ ಹಾಗೆ ಕೆಲಸ ಮಾಡುತ್ತಿತ್ತು. ಅವನ ಬಕೆಟಿನಲ್ಲಿ ಹದವಾದ ಬಿಸಿನೀರೇ ಇತ್ತು.

ಇನ್ನು ಇಡ್ಲಿ ಪಾತ್ರೆಯ ನೀರು? ಮಾವ ಕೈಯಾರೆ ತಂದುಕೊಟ್ಟಿದ್ದಾರೆ, ಇದು ಕನ್ನಡದವರ ಯಾವುದೋ ಶಾಸ್ತ್ರ ಇರಬೇಕು ಎಂದುಕೊಂಡ ಆ ಸಜ್ಜನ. ಬೇಡ ಎನ್ನಲು ಅವನಿಗೆ ಬರುವುದಿಲ್ಲವಲ್ಲ. ತಲೆಗೆ ಹಾಕಿಕೊಳ್ಳುವ ಧೈರ್ಯ ಸಾಲದೆ, ಒಂದು ಮಗ್ಗು ಎತ್ತಿ ಪಾದಕ್ಕೆ ಹೊಯ್ದುಕೊಂಡ.

"ಆಯೀ ಗಂ!"

ನೋವಾದರೆ ಮರಾಠಿಗರು ಹೀಗೆಯೇ ಕೂಗುವುದು, ನಾವು "ಅಯ್ಯೋ ಅಮ್ಮಾ" ಎಂದ ಹಾಗೆ. ಅವನು ನನ್ನನ್ನು ಕರೆದದ್ದಲ್ಲ. ಕರೆದಿದ್ದರೆ ವರ್ತಕ ನಗರದಲ್ಲಿರುವ ಅವನ ತಾಯಿಯನ್ನು ಕರೆದದ್ದು, ಅಷ್ಟು ತಿಳಿಯದವಳಲ್ಲ ನಾನು. ಆದರೆ ಹತ್ತಿರ ಇದ್ದವಳು ನಾನು.

"ಓ! ಎಂತಾತಾ ಮಗಾ?" ಎಂದು ಬಾಗಿಲಿಗೆ ಬಾಯಿ ಕೊಟ್ಟು ಕೂಗಿದೆ.

ಒಳಗಿನಿಂದ ಸಿಟ್ಟು, ನೋವು ಎರಡೂ ಬೆರೆತ ದನಿ ಬಂತು: "ಆಯೀ, ಬರ್ಫ ಆಣ್ ನಾ ಪಟ್ಕನ್!"

ಅತ್ತೆಗಾದರೆ "ಆಣಾ" ಎನ್ನಬೇಕು, "ತನ್ನಿ" ಎಂದು. ಅವನು "ಆಣ್" ಎಂದ, "ತಾ" ಎಂದು. ಮರಾಠಿ ಮನೆಗಳಲ್ಲಿ ಮಕ್ಕಳು ಹಾಗೆ ಏಕವಚನದಲ್ಲಿ ರೇಗುವುದು ಹೆತ್ತವಳ ಮೇಲೆ.

ಫ್ರೀಜರಿನಲ್ಲಿ ಐಸಿನ ಟ್ರೇ ಅಂಟಿಕೊಂಡಿತ್ತು. ಅದನ್ನು ಕೀಳುತ್ತ ನಿಂತಲ್ಲೇ ನಾನು ಗೊಳೋ ಎಂದು ಅತ್ತುಬಿಟ್ಟೆ. ಗಂಡ ಹಿಂದೆ ಬಂದು ನಿಂತು, "ಅಳಬೇಡ್ವೇ, ಅಷ್ಟೆಲ್ಲ ಸುಟ್ಲಿಲ್ಲ ಅವಂಗೆ" ಎಂದು ಬೆನ್ನು ಸವರಿದರು.