ಹೆಣ್ಣು ನೋಡಲು ಹೋಗಿ ಮೇಜು ಅಳೆದದ್ದು

ಅರುವತ್ತರ ದಶಕದ ಆರಂಭ. ನಾನು ಆಗಷ್ಟೇ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದೆ. ನನಗೆ ಬಾರದ ಲೆಕ್ಕ ಲೋಕದಲ್ಲಿಲ್ಲ ಎಂಬ ಭಾವ ಮುಖದಲ್ಲಿ ಎದ್ದು ಕಾಣುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಆ ಮುಖವನ್ನೇ ಹೊತ್ತು, ಸೋದರಮಾವನ ಜೊತೆ ಜೆಪ್ಪುವಿಗೆ ಹೆಣ್ಣು ನೋಡಲು ಹೋದೆ.

ಹುಡುಗಿಯ ತಂದೆ ಹೊಸ ರೇಡಿಯೊ ತಂದಿದ್ದರು. ಅದನ್ನಿಡಲು ಚಾವಡಿಯ ಮೂಲೆಗೆಂದು ಮರಗೆಲಸದ ಆಚಾರಿಯಿಂದ ತ್ರಿಕೋನಾಕಾರದ ಮೇಜೊಂದನ್ನು ಮಾಡಿಸಿದ್ದರು. ಅದರ ಒಂದು ಬದಿಯನ್ನು ಗೋಡೆಗೆ ಒತ್ತಿ ಇಟ್ಟರೆ ಇನ್ನೊಂದು ಬದಿಯ ತುದಿಯಲ್ಲಿ ಬೆರಳು ತೂರುವಷ್ಟು ಸಂದಿ ಬೀಳುತ್ತಿತ್ತು. ಮನೆಮಾತು ತುಳುವಾದರೂ ಮಾಸ್ತರನೆಂಬ ಮರ್ಯಾದೆಗೆ ಅವರು ನನ್ನೊಡನೆ ಕನ್ನಡದಲ್ಲೇ ಮಾತಾಡಿದರು.

"ಆಚಾರಿ ಮೂಲೆ ಸರಿ ತೆಗಿಲಿಲ್ಲ ಅಂತ ನಾನು. ಗೋಡೆಯೇ ಓರೆ ಉಂಟು ಅಂತ ಅವ. ನಾನೇ ನಿಂತು ಕಟ್ಟಿಸಿದ ಗೋಡೆ ಇದು! ನೀವು ಎಂತ ಹೇಳ್ತೀರಿ ಮಾಸ್ಟ್ರೇ?"

ಸುಮ್ಮನಿರು ಎಂದು ಮಾವ ಕಣ್ಣಲ್ಲೇ ಹೇಳಿದರು. ನಾನು ಟೇಪು ಕೇಳಿದೆ.

ಮೇಜಿನ ಬದಿಗಳು ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತು ಇಂಚು. ಸಣ್ಣ ಬದಿಗಳೆರಡರ ವರ್ಗಗಳನ್ನು ಕೂಡಿಸಬೇಕು, ಮೊತ್ತ ಅತಿ ದೊಡ್ಡ ಬದಿಯ ವರ್ಗಕ್ಕೆ ಸಮನಾದರೆ ಮಾತ್ರ ಅದು ಲಂಬಕೋನ ತ್ರಿಭುಜ ಎಂದು ತರಗತಿಯ ದನಿಯಲ್ಲಿ ವಿವರಿಸಿದೆ. ಅಷ್ಟರಲ್ಲಿ ಹುಡುಗಿ ಕಾಫಿಯನ್ನೂ ಆಗಷ್ಟೇ ಕರಿದ ಗೋಳಿಬಜೆಯನ್ನೂ ತಂದಳು. ನನ್ನ ದನಿ ಇನ್ನಷ್ಟು ಏರಿತು.

"ಹದಿನೆಂಟರ ವರ್ಗ ಮುನ್ನೂರ ಇಪ್ಪತ್ತನಾಲ್ಕು. ಇಪ್ಪತ್ತನಾಲ್ಕರದ್ದು ಐನೂರ ಅರುವತ್ತಾರು. ಕೂಡಿಸಿದರೆ ಎಂಟುನೂರ ತೊಂಬತ್ತು. ಮೂವತ್ತರ ವರ್ಗ ಒಂಬೈನೂರು. ಸಮ ಇಲ್ಲ. ಆಚಾರಿಯದ್ದೇ ತಪ್ಪು."

"ನಾನು ಹೇಳ್ಲಿಲ್ವಾ!" ಎಂದು ತಂದೆ ಹಿಗ್ಗಿದರು.

ಹುಡುಗಿ ತಟ್ಟೆಯನ್ನು ಕೆಳಗಿಟ್ಟು, "ಐನೂರ ಎಪ್ಪತ್ತಾರು ಅಲ್ವಾ?" ಎಂದಳು.

"ಎಂತದ್ದು?" ಎಂದರು ತಂದೆ.

"ಇಪ್ಪತ್ತನಾಲ್ಕರ ವರ್ಗ. ಆಗ ಸರಿಯಾಗಿ ಒಂಬೈನೂರು ಬರ್ತದೆ. ಅಷ್ಟು ಕಷ್ಟವೇ ಬೇಡ ಅಪ್ಪ, ಮೂರೂ ಬದಿಯನ್ನು ಆರರಿಂದ ಭಾಗಿಸಿ ನೋಡಿ. ಮೂರು, ನಾಲ್ಕು, ಐದು. ಮೇಜು ಸರಿ ಉಂಟು."

ಮನಸ್ಸಿನಲ್ಲೇ ಮತ್ತೆ ಗುಣಿಸಿದೆ. ಕಂಕುಳು ಒದ್ದೆಯಾಯಿತು.

"ಹೌದು," ಎಂದೆ. "ಗೋಡೆಯೇ ಓರೆ."

ತಂದೆ ಗೋಡೆಯನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನನ್ನನ್ನು ಬಹಳ ಹೊತ್ತು ನೋಡಿದರು. ಗೋಳಿಬಜೆಯನ್ನು ಎರಡನೆಯ ಸಲ ಯಾರೂ ಬಡಿಸಲಿಲ್ಲ.

ಗೇಟು ದಾಟಿದ ಮೇಲೆ ಮಾವ ಬಾಯಿ ಬಿಟ್ಟರು: "ನಿನ್ನನ್ನು ಕರ್ಕೊಂಡು ಬಂದದ್ದು ಹುಡುಗಿ ನೋಡ್ಲಿಕ್ಕೆ ಮಾರಾಯ!"

ನಿಜ ಹೇಳಬೇಕೆಂದರೆ, ಹುಡುಗಿಯ ಮುಖವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಸಂಬಂಧ ತಪ್ಪಿಹೋಯಿತೆಂದೇ ತಿಳಿದಿದ್ದೆ. ಆದರೆ ಮರುವಾರ ಒಪ್ಪಿಗೆ ಬಂತು. ಎಲ್ಲ ನನ್ನ ಕ್ರಾಪಿನ ಪ್ರಭಾವ ಎಂದುಕೊಂಡೆ. ಮದುವೆಯಾಗಿ ಕೆಲವು ದಿನಗಳಾದ ಮೇಲೆ, ಆ ಮಾತನ್ನು ಅವಳ ಬಾಯಿಂದಲೇ ಕೇಳುವ ಆಸೆಯಿಂದ, ಒಪ್ಪಿದ್ದು ಯಾಕೆಂದು ವಿಚಾರಿಸಿದೆ.

"ಅಪ್ಪನ ಮುಖಕ್ಕೆ ಹೊಡೆದ ಹಾಗೆ ಗೋಡೆ ಓರೆ ಅಂದಿರಲ್ಲ," ಎಂದಳು. "ನಮ್ಮ ಮನೆಯಲ್ಲಿ ಯಾರಿಗೂ ಅಷ್ಟು ಧೈರ್ಯ ಇಲ್ಲ."

ಅದು ಧೈರ್ಯವಲ್ಲ, ಗಾಬರಿಯಲ್ಲಿ ಬಾಯಿಂದ ಬಿದ್ದದ್ದು ಎಂದು ನಾನು ಇದುವರೆಗೂ ಹೇಳಲು ಹೋಗಿಲ್ಲ.